ಬೋರಮಾಳದೊಳಗಿನ ಅರಗು

ಕಾವ್ಯವನ್ನು ವಿಮರ್ಶಿಸುವ ನಾವು, ನಮ್ಮ ಮನೆಯ ಹೆಣ್ಣುಮಕ್ಕಳ ಕೊರಳಲ್ಲಿರುವ ಕಲೆಯನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಬಗೆದದ್ದು ಕಡಿಮೆ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವುದು ಈ ಬರಹದ ಉದ್ದೇಶ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಹಳೆಯ ಒಡವೆಗಳ ಹೆಸರುಗಳನ್ನೇ ಗಮನಿಸಿರಿ. ಬೋರಮಾಳದಲ್ಲಿ ಬೋರೆಹಣ್ಣಿದೆ, ಜೋಂಧಳಿ ಪೋತಿನಲ್ಲಿ ಜೋಳದ ಕಾಳಿದೆ, ಬಕುಳಿಹಾರದಲ್ಲಿ ಬಕುಳದ ಹೂವಿದೆ. ಹೆಸರುಗಳು ಮರಾಠಿಯವಾದರೂ ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಇವನ್ನು ತೊಟ್ಟು ಬರುವವರಲ್ಲಿ ಕನ್ನಡತಿಯರೂ ಇದ್ದಾರೆ. ಹೊಲದ ಬದುವಿನಲ್ಲಿ ಬೆಳೆದದ್ದೇ ಕೊರಳಿಗೇರಿತು.

ಅಕ್ಕಸಾಲಿಗನು ಬೋರೆಹಣ್ಣಿನ ತೊಟ್ಟನ್ನಾಗಲಿ ಸಿಪ್ಪೆಯ ಸುಕ್ಕನ್ನಾಗಲಿ ತೋರಿಸುವುದಿಲ್ಲ. ಅದರ ದುಂಡುತನವೊಂದನ್ನೇ ಎತ್ತಿಕೊಳ್ಳುತ್ತಾನೆ. ಜೋಳದ ಕಾಳೊಂದು ಸಾಮಾನ್ಯ ಗುಂಡು; ನೂರಾರು ಸೇರಿದಾಗ ತೆನೆಯ ಸಮೃದ್ಧಿ ಕಾಣುತ್ತದೆ. ಕೊರಳಿಗೆ ಡಾಬು ತೊಟ್ಟರೆ ನಗೆಪಾಟಲೆಂದು ಹೇಳಿ ಕ್ಷೇಮೇಂದ್ರನು ವಿವರಿಸಿದ ಔಚಿತ್ಯವೆಂಬ ಗುಣವು, ಏನನ್ನು ಬಿಡಬೇಕೆಂದು ಬಲ್ಲ ಈ ಕೈಗಳಲ್ಲಿಯೂ ಇದೆ. ಇಂದಿನ ಅಚ್ಚಿನ ಒಡವೆಯಲ್ಲಿ ಎಲೆಯ ಒಂದೊಂದು ನರವೂ ಮೂಡಿರುತ್ತದೆ, ಆದರೆ ಎಲೆ ಅಲುಗುವುದಿಲ್ಲ.

ಮುತ್ತಿನ ಮಾತು ಬೇರೆ. ರತ್ನವನ್ನು ಸಾಣೆ ಹಿಡಿದು ತಿದ್ದಬಹುದು. ಮುತ್ತನ್ನು ಸಿಂಪಿಯು ಕೊಟ್ಟ ಆಕಾರದಲ್ಲಿಯೇ ಒಪ್ಪಿಕೊಂಡು, ರಂಧ್ರ ಕೊರೆದು ಪೋಣಿಸಬೇಕು. ಕಿವಿಯ ಕುಡಿಯಲ್ಲಿ ಮುತ್ತುಗಳು ಸೇರಿ ಹೂವಾಗುವಾಗ, ಯಾವುದರ ಪಕ್ಕದಲ್ಲಿ ಯಾವುದು ಎಂಬ ಆಯ್ಕೆಯೇ ಕುಶಲತೆ. ಜಪಾನಿನ ಮಿಕಿಮೊಟೊ 1893ರಲ್ಲಿ ಮುತ್ತಿನ ಕೃಷಿಯಲ್ಲಿ ಯಶಸ್ಸು ಕಂಡ ತರುವಾಯ ದುಂಡುಮುತ್ತು ಕ್ರಮೇಣ ಸಾಮಾನ್ಯರ ಮನೆಗೂ ಬಂದಿತು. ಅದನ್ನು ಹೀಗಳೆಯುವುದು ಸಲ್ಲದು. ಕೃಷಿಯ ಮುತ್ತನ್ನೂ ಕಣ್ಣುಳ್ಳ ಕೈ ಪೋಣಿಸಿದರೆ ಅದು ಕಲೆಯೇ.

ಹಳೆಯದೆಲ್ಲ ಶ್ರೇಷ್ಠವೆಂಬುದು ನನ್ನ ವಾದವಲ್ಲ. ಒಡವೆಯ ಭಾರದಿಂದ ಮದುವೆಯ ಮನೆಗಳು ಸಾಲದಲ್ಲಿ ಮುಳುಗಿದ್ದನ್ನು ಕಂಡಿದ್ದೇನೆ. ನನ್ನದೂ ಒಂದು ತಪ್ಪಿದೆ. ಮಗಳ ಲಗ್ನಕ್ಕೆಂದು ನಮ್ಮ ಅವ್ವನ ಬೋರಮಾಳವನ್ನು ಕರಗಿಸಲು ಕೊಟ್ಟೆನು. ಗುಂಡುಗಳೊಳಗಿನ ಅರಗು ಕರಗಿ ಹೊರಬಂದು ಕಾಗದದ ಮೇಲೆ ಕಪ್ಪು ಮುದ್ದೆಯಾಗಿ ಕುಳಿತಿತು. ತಕ್ಕಡಿಯಲ್ಲಿ ಉಳಿದ ಚಿನ್ನ ಸ್ವಲ್ಪವೇ. ಅವ್ವನಿಗೆ ಯಾರೋ ಮೋಸ ಮಾಡಿದ್ದರೆಂದು ಅಂದು ಸಿಟ್ಟಾದೆನು. ಆಮೇಲೆ ಅರ್ಥವಾಯಿತು: ತೆಳು ತಗಡು ತಗ್ಗಾಗದಂತೆ ಒಳಗಿನಿಂದ ಹಿಡಿದದ್ದು ಆ ಅರಗು; ಸ್ವಲ್ಪವೇ ಚಿನ್ನದಲ್ಲಿ ಬಡ ಒಕ್ಕಲಿನ ಹೆಣ್ಣುಮಗಳ ಕೊರಳನ್ನು ತುಂಬಿಸಿದ ಜಾಣತನ ಅದು. ತಕ್ಕಡಿಗೆ ಅದು ಬರೀ ಕಳೆ. ನಾನೂ ತಕ್ಕಡಿಯ ಕಣ್ಣಿನಿಂದಲೇ ನೋಡಿದ್ದೆನು.

ಆದುದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಹಳೆಯ ಒಡವೆಯನ್ನು ಕರಗಿಸಲೇಬೇಕಾದ ಪ್ರಸಂಗ ಬರಬಹುದು. ಅದಕ್ಕೂ ಮುನ್ನ ಮನೆಯ ಹಿರಿಯಳನ್ನು ಕೂಡಿಸಿ, ಅದರ ಹೆಸರೇನು, ಯಾವ ಹೂವಿನದು, ಯಾವ ಕಾಳಿನದು ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. ಒಂದು ಚಿತ್ರ ತೆಗೆಯಿರಿ. ನಾನು ಕೇಳಲಿಲ್ಲ. ನಮ್ಮ ಅವ್ವನ ಸರದಲ್ಲಿ ಎಷ್ಟು ಗುಂಡುಗಳಿದ್ದವೆಂದು ಇಂದು ಮೊಮ್ಮಗಳು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.