ಕಾಯಿಸಿ ಗಳಿಸುವ ಲೆಕ್ಕ: ಅಂಚೆಯ ಡಿಸ್ಕ್ ಬಾಡಿಗೆ ಪದ್ಧತಿಯ ಒಂದು ವಿಮರ್ಶೆ

ಸಿನಿಮಾ ಡಿಸ್ಕುಗಳನ್ನು ಅಂಚೆಯ ಮೂಲಕ ಬಾಡಿಗೆಗೆ ಕೊಡುವ ಪದ್ಧತಿಯ ಬಗ್ಗೆ ಅದರ ಗ್ರಾಹಕರು ಹೇಳುತ್ತ ಬಂದ ಮುಖ್ಯ ದೂರು ವಿಳಂಬದ್ದು: ಬೇಕೆಂದ ಚಿತ್ರ ವಾರಗಟ್ಟಲೆ ಬರುವುದಿಲ್ಲ, ಪಟ್ಟಿಯ ತುದಿಯಲ್ಲಿದ್ದ ಇನ್ನಾವುದೋ ಚಿತ್ರ ಮೊದಲು ಬಂದು ಬೀಳುತ್ತದೆ, ಚಂದಾಹಣ ಮಾತ್ರ ತಿಂಗಳು ತಿಂಗಳೂ ತಪ್ಪದೆ ಕಡಿತವಾಗುತ್ತದೆ. ಈ ದೂರನ್ನು ಟಪಾಲಿನ ನಿಧಾನಗತಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಪದ್ಧತಿಯ ಒಳಗಿನ ಹಣದ ಲೆಕ್ಕವನ್ನು ಬಿಡಿಸಿ ನೋಡಿದರೆ, ವಿಳಂಬದ ಬೇರು ಅಂಚೆಯ ದಾರಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಚಂದಾದ ಸ್ವರೂಪದಲ್ಲಿಯೇ ಇದೆಯೆಂಬುದೂ, ಕರ್ನಾಟಕದ ಮಟ್ಟಿಗೆ, ಅದರಲ್ಲೂ ಯಾದಗಿರಿ ಜಿಲ್ಲೆಯ ತಿಂಥಣಿಯಂಥ ಊರಿನ ಮಟ್ಟಿಗೆ, ಅದೇ ವಿಳಂಬ ಪೂರ್ಣ ಅಲಭ್ಯತೆಯ ರೂಪ ತಾಳಿತೆಂಬುದೂ ಕಾಣುತ್ತದೆ.

ಈ ಪದ್ಧತಿಗೆ ಮಾದರಿಯಾದುದು ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆ. ಅದು 1998ರ ಏಪ್ರಿಲಿನಲ್ಲಿ ಡಿ.ವಿ.ಡಿ. ಬಾಡಿಗೆಯನ್ನು ಆರಂಭಿಸಿ, 1999ರಲ್ಲಿ ಚಂದಾ ಪದ್ಧತಿಗೆ ಬಂದು, 2023ರ ಸೆಪ್ಟೆಂಬರ್ 29ರಂದು ಕೊನೆಯ ಡಿಸ್ಕುಗಳನ್ನು ರವಾನಿಸಿ ಆ ವ್ಯವಹಾರವನ್ನು ಮುಚ್ಚಿತು. ಗ್ರಾಹಕನು ತನಗೆ ಬೇಕಾದ ಚಿತ್ರಗಳನ್ನು ಒಂದರ ಕೆಳಗೊಂದು ಬರೆದಿಡುವ ‘ಸರದಿ ಪಟ್ಟಿ’ ಈ ಪದ್ಧತಿಯ ಜೀವಾಳವಾಗಿತ್ತು. ಮನೆಯಲ್ಲಿರುವ ಡಿಸ್ಕನ್ನು ಕೆಂಪು ಲಕೋಟೆಯಲ್ಲಿಟ್ಟು ಮರಳಿಸಿದೊಡನೆ ಪಟ್ಟಿಯ ಮುಂದಿನದು ಹೊರಡಬೇಕಿತ್ತು. ತಡವಾಗಿ ಮರಳಿಸಿದರೆ ದಂಡವಿರಲಿಲ್ಲ, ತಿಂಗಳಿಗೆ ಎಷ್ಟು ಚಿತ್ರವೆಂಬ ಮಿತಿಯೂ ಇರಲಿಲ್ಲ. ಸುಮಾರು 16 ಗ್ರಾಂ ತೂಗುವ, 12 ಸೆಂಟಿಮೀಟರ್ ಅಗಲದ ಡಿಸ್ಕು ಸಾಮಾನ್ಯ ಕಾಗದದಂತೆಯೇ ಅಂಚೆಯಲ್ಲಿ ಸಾಗಬಲ್ಲದೆಂಬ ಸರಳ ಸಂಗತಿಯನ್ನು ಕಂಡುಕೊಂಡು, ಅದರ ಮೇಲೆ ಇಡೀ ದೇಶಕ್ಕೆ ಹಬ್ಬುವ ವ್ಯವಹಾರವನ್ನು ಕಟ್ಟಿದ್ದು ನಿಜಕ್ಕೂ ಮೆಚ್ಚತಕ್ಕ ಕೆಲಸ.

ದೋಷವಿರುವುದು ‘ಮಿತಿಯಿಲ್ಲ’ ಎಂಬ ಭರವಸೆಯಲ್ಲಿ. 2004ರ ಕೊನೆಯ ಹೊತ್ತಿಗೆ ಏಕಕಾಲಕ್ಕೆ ಮೂರು ಡಿಸ್ಕು ಇಟ್ಟುಕೊಳ್ಳುವ ಯೋಜನೆಯ ಚಂದಾ ತಿಂಗಳಿಗೆ 17.99 ಡಾಲರ್ ಇತ್ತು. ಒಂದು ಡಿಸ್ಕು ಹೋಗಿಬರುವ ಅಂಚೆವೆಚ್ಚ ಮುಕ್ಕಾಲು ಡಾಲರಿನ ಆಸುಪಾಸಿನಲ್ಲಿತ್ತು. ತಿಂಗಳಿಗೆ ನಾಲ್ಕು ಚಿತ್ರ ನೋಡುವವನಿಗಾಗಿ ಸಂಸ್ಥೆ ಅಂಚೆಗೆ ಮೂರು ಡಾಲರ್ ತೆತ್ತರೆ, ಹದಿನಾರು ಚಿತ್ರ ನೋಡುವವನಿಗಾಗಿ ಹನ್ನೆರಡು ಡಾಲರ್ ತೆರಬೇಕಾಗುತ್ತಿತ್ತು. ಇಬ್ಬರಿಂದಲೂ ಬರುವ ಹಣ ಮಾತ್ರ ಒಂದೇ. ಹೀಗಿರುವಾಗ ಸೇವೆಯನ್ನು ಮನಸಾರೆ ಬಳಸುವ ಗ್ರಾಹಕನೇ ಸಂಸ್ಥೆಗೆ ಹೊರೆಯಾಗುತ್ತಾನೆ, ಅವನ ಡಿಸ್ಕು ಎರಡು ದಿನ ತಡವಾಗಿ ಹೊರಟರೆ ಆ ಎರಡು ದಿನ ಸಂಸ್ಥೆಯ ಉಳಿತಾಯವಾಗುತ್ತದೆ. ಹೆಚ್ಚು ಬಾಡಿಗೆ ಪಡೆಯುವವರ ರವಾನೆಯನ್ನು ಬೇಕೆಂದೇ ನಿಧಾನಿಸಲಾಗುತ್ತಿದೆಯೆಂದು ಸ್ಯಾನ್ ಫ್ರಾನ್ಸಿಸ್ಕೋದ ಗ್ರಾಹಕರೊಬ್ಬರು 2004ರಲ್ಲಿ ಹೂಡಿದ ದಾವೆ ರಾಜಿಯಲ್ಲಿ ಮುಗಿಯಿತು. ಸಂಸ್ಥೆ ತಪ್ಪನ್ನು ಒಪ್ಪಿಕೊಳ್ಳಲಿಲ್ಲವಾದರೂ, ಕಡಿಮೆ ಬಾಡಿಗೆ ಪಡೆಯುವವರಿಗೆ ರವಾನೆಯಲ್ಲಿ ಆದ್ಯತೆ ಸಿಗಬಹುದೆಂಬ ಮಾತನ್ನು 2005ರ ವೇಳೆಗೆ ತನ್ನ ಕರಾರಿನಲ್ಲಿಯೇ ಸೇರಿಸಿತು. ಹಣ ಕೊಟ್ಟವನಿಗೆ ಕರಾರಿನ ಸಣ್ಣಕ್ಷರದಲ್ಲಿ ತಿಳಿಸಿದ ಮಾತ್ರಕ್ಕೆ ಆ ನಡವಳಿಕೆ ನ್ಯಾಯವಾಗುವುದಿಲ್ಲ.

ವಿಳಂಬದ ಇನ್ನೊಂದು ಮೂಲ ಪ್ರತಿಗಳ ಸಂಖ್ಯೆ. ಸರದಿ ಪಟ್ಟಿಯಲ್ಲಿ ಚಿತ್ರದ ಎದುರಿಗೆ ‘ಸ್ವಲ್ಪ ಕಾಯಬೇಕು’, ‘ಬಹಳ ಕಾಯಬೇಕು’ ಎಂಬ ಅರ್ಥದ ಸೂಚನೆಗಳು ಕಾಣಿಸುತ್ತಿದ್ದವು. ಎಷ್ಟು ಪ್ರತಿಗಳಿವೆ, ಎಷ್ಟು ಜನ ಮುಂದಿದ್ದಾರೆ ಎಂಬುದನ್ನು ಅವು ಹೇಳುತ್ತಿರಲಿಲ್ಲ. 2010ರಲ್ಲಿ ವಾರ್ನರ್ ಬ್ರದರ್ಸ್ ಜೊತೆಗಿನ ಒಪ್ಪಂದದ ಪ್ರಕಾರ ಅದರ ಹೊಸ ಚಿತ್ರಗಳನ್ನು ಅಂಗಡಿಯಲ್ಲಿ ಮಾರಾಟಕ್ಕೆ ಬಂದ 28 ದಿನಗಳ ನಂತರವೇ ಬಾಡಿಗೆಗೆ ಕೊಡುವುದಾಯಿತು, 2012ರಲ್ಲಿ ಆ ಗಡುವು 56 ದಿನಕ್ಕೆ ಏರಿತು. ಸಾವಿರಾರು ಹೆಸರುಗಳ ಪಟ್ಟಿಯನ್ನು ತೋರಿಸಿ ಚಂದಾ ಕಟ್ಟಿಸಿಕೊಂಡ ಮೇಲೆ, ಹೆಸರಿಗೂ ಪ್ರತಿಗೂ ನಡುವಿನ ಅಂತರವನ್ನು ಮುಚ್ಚಿಡುವುದು ಈ ಪದ್ಧತಿಯ ದೊಡ್ಡ ಅಪ್ರಾಮಾಣಿಕತೆ.

ಭಾರತದಲ್ಲಿ ಈ ಮಾದರಿಯನ್ನು ಅನುಸರಿಸಿದವುಗಳಲ್ಲಿ ಬೆಂಗಳೂರಿನ ಸೆವೆಂಟಿಎಂಎಂ ಪ್ರಮುಖವಾದುದು. 2008ರಲ್ಲಿ ರಿಲಯನ್ಸ್ ಸಮೂಹದ ಬಿಗ್‌ಫ್ಲಿಕ್ಸ್ ಕೂಡ ಕಣಕ್ಕಿಳಿಯಿತು. ಇವು ಡಿಸ್ಕುಗಳನ್ನು ಅಂಚೆಯ ಬದಲು ಬಹುಮಟ್ಟಿಗೆ ತಮ್ಮದೇ ಹುಡುಗರ ಕೈಯಲ್ಲಿ ಮನೆಮನೆಗೆ ಮುಟ್ಟಿಸಿದವು, ಅದರಿಂದಾಗಿ ಇವುಗಳ ವ್ಯಾಪ್ತಿ ದೊಡ್ಡ ನಗರಗಳಿಗೆ ಸೀಮಿತವಾಯಿತು. ವಿಮರ್ಶೆ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಅಮೆರಿಕದ ಮಾದರಿಯಲ್ಲಿದ್ದ ಏಕೈಕ ಸಮತೆ, ಅಂದರೆ ನಗರಕ್ಕೂ ಹಳ್ಳಿಗೂ ಒಂದೇ ದರದಲ್ಲಿ ತಲುಪುವ ಅಂಚೆ, ಇಲ್ಲಿ ಮೊದಲ ಹೆಜ್ಜೆಯಲ್ಲಿಯೇ ಕೈಬಿಟ್ಟುಹೋಯಿತು. ಆಗ ಸುಮಾರು 1,55,000 ಅಂಚೆ ಕಚೇರಿಗಳು, ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಹಳ್ಳಿಗಳಲ್ಲಿಯೇ ಇದ್ದ ದೇಶದಲ್ಲಿ ಇದು ನಡೆಯಿತು. ಸುರಪುರ ತಾಲ್ಲೂಕಿನ ತಿಂಥಣಿ ಕೃಷ್ಣೆಯ ದಂಡೆಯ ಊರು, ಮೌನೇಶ್ವರರ ಕ್ಷೇತ್ರ; ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಸೇರುತ್ತಾರೆ. ಇಂಥ ಊರಿಗೂ ಕಾಗದ, ಮನಿಯಾರ್ಡರ್ ಎಲ್ಲವೂ ತಲುಪುತ್ತಿದ್ದವು. ಬೆಂಗಳೂರಿನ ಬಾಡಿಗೆ ಡಿಸ್ಕು ಮಾತ್ರ ತಲುಪುವ ಏರ್ಪಾಡಿರಲಿಲ್ಲ. ನಗರದ ಚಂದಾದಾರನಿಗೆ ತಡವಾಯಿತೆಂದು ಗೊಣಗುವ ಹಕ್ಕಾದರೂ ಇತ್ತು, ಸುರಪುರ–ಶಹಾಪುರ ಭಾಗದ ಪ್ರೇಕ್ಷಕನಿಗೆ ಅದೂ ಇರಲಿಲ್ಲ.

ಆ ಭಾಗದ ಪ್ರೇಕ್ಷಕನ ಕೈಗೆ ಬಂದದ್ದು ವಿ.ಸಿ.ಡಿ. ಒಂದು ವಿ.ಸಿ.ಡಿ.ಯಲ್ಲಿ ಹಿಡಿಯುವುದು 74ರಿಂದ 80 ನಿಮಿಷದ ದೃಶ್ಯ ಮಾತ್ರವಾದ್ದರಿಂದ ಎರಡೂವರೆ ಗಂಟೆಯ ಕನ್ನಡ ಚಿತ್ರಕ್ಕೆ ಎರಡು ಡಿಸ್ಕು ಬೇಕು. ಎರಡನೆಯದು ಗೀರಿದ್ದರೆ ಮಧ್ಯಂತರದ ಆಚೆಗಿನ ಕಥೆಯೇ ಇಲ್ಲ. ಆದರೂ ಅದು ಪೇಟೆಯ ಅಂಗಡಿಯಲ್ಲಿ ಕಣ್ಣೆದುರೇ ಸಿಗುತ್ತಿತ್ತು. 2007ರಲ್ಲಿ ಮೋಸರ್ ಬೇಯರ್ ಕಂಪನಿ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರಾಟಕ್ಕೆ ತಂದಾಗ, ಕಾಯುವ ಬಾಡಿಗೆಗಿಂತ ಕೈಯಲ್ಲಿರುವ ಸ್ವಂತ ಪ್ರತಿಯೇ ಲೇಸೆಂಬುದು ನಗರದವರಿಗೂ ಮನವರಿಕೆಯಾಗುವಂತಾಯಿತು.

ಬಾಡಿಗೆ ಸಂಸ್ಥೆಗಳ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಅಮೆರಿಕದ ಕಾನೂನಿನಲ್ಲಿ ಕೊಂಡ ಡಿಸ್ಕನ್ನು ಬಾಡಿಗೆಗೆ ಕೊಡಲು ನಿರ್ಮಾಪಕನ ಅನುಮತಿ ಬೇಕಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 14ನೆಯ ಪ್ರಕರಣವಾದರೋ, ಒಮ್ಮೆ ಮಾರಾಟವಾದ ಪ್ರತಿಯನ್ನು ಬಾಡಿಗೆಗೆ ಕೊಡುವ ಹಕ್ಕನ್ನೂ ಚಲನಚಿತ್ರದ ಹಕ್ಕುದಾರನಲ್ಲಿಯೇ ಉಳಿಸಿತ್ತು. ಹೊರದೇಶದಿಂದ ತಂದ ಡಿಸ್ಕುಗಳನ್ನು ಪರವಾನಗಿಯಿಲ್ಲದೆ ಬಾಡಿಗೆಗೆ ಕೊಡುವುದು ಸಲ್ಲದೆಂದು ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ಹೇಳಿತು. ಹೀಗಾಗಿ ಬೇಡಿಕೆ ಬಂದಂತೆಲ್ಲ ಪೇಟೆಯಲ್ಲಿ ಸಿಕ್ಕ ಪ್ರತಿಗಳನ್ನು ಕೊಂಡು ಸೇರಿಸುವ ದಾರಿ ಇಲ್ಲಿ ಅಷ್ಟು ಸಲೀಸಾಗಿರಲಿಲ್ಲ. ಆದರೆ ಈ ಇಕ್ಕಟ್ಟು ಗ್ರಾಹಕನಿಗೆ ಮೊದಲೇ ತಿಳಿಯಬೇಕಾದದ್ದಾಗಿತ್ತು. ಬಾರದ ಡಿಸ್ಕಿನ ದಿನಗಳನ್ನು ಚಂದಾದಲ್ಲಿ ವಜಾ ಮಾಡುವುದಕ್ಕೂ ಯಾವ ಕಾನೂನು ಅಡ್ಡ ಬರುತ್ತಿರಲಿಲ್ಲ.

ಎರವಲು ಕೊಡುವ ಯಾವುದೇ ವ್ಯವಸ್ಥೆಯನ್ನು ತೂಗಲು ಎಸ್. ಆರ್. ರಂಗನಾಥನ್ 1931ರಲ್ಲಿ ಮಂಡಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಿಗಿಂತ ನಂಬಿಕಸ್ಥ ಅಳತೆಗೋಲು ಸಿಗುವುದು ಕಷ್ಟ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದು ಎರಡನೆಯ ಸೂತ್ರ, ಓದುಗನ ಸಮಯ ಉಳಿಯಬೇಕೆಂಬುದು ನಾಲ್ಕನೆಯದು. ಓದುಗನ ಜಾಗದಲ್ಲಿ ಪ್ರೇಕ್ಷಕನನ್ನಿಟ್ಟು ನೋಡಿದರೆ, ಡಿಸ್ಕ್ ಬಾಡಿಗೆ ಪದ್ಧತಿ ಎರಡನೆಯ ಸೂತ್ರವನ್ನು ನಗರದ ಎಲ್ಲೆಯಲ್ಲಿಯೇ ಮುರಿಯಿತು; ಗ್ರಾಹಕನ ಸಮಯ ನಷ್ಟವಾದಷ್ಟೂ ತನಗೆ ಲಾಭವಾಗುವಂತೆ ಚಂದಾವನ್ನು ಹೆಣೆದುಕೊಂಡು ನಾಲ್ಕನೆಯದನ್ನು ತಲೆಕೆಳಗು ಮಾಡಿತು.

ಈ ದೋಷ ಡಿಸ್ಕಿಗಾಗಲಿ ಎರವಲಿಗಾಗಲಿ ಅಂಟಿದ್ದಲ್ಲ ಎಂಬುದಕ್ಕೆ ಕಾನೂನಿನಲ್ಲಿಯೇ ಒಂದು ದಾರಿ ತೆರೆದಿದೆ. ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ ‘ವಾಣಿಜ್ಯ ಬಾಡಿಗೆ’ ಎಂಬುದರ ವ್ಯಾಖ್ಯೆಯಿಂದ, ಲಾಭದ ಉದ್ದೇಶವಿಲ್ಲದ ಗ್ರಂಥಾಲಯಗಳೂ ಶಿಕ್ಷಣ ಸಂಸ್ಥೆಗಳೂ ನ್ಯಾಯವಾಗಿ ಪಡೆದ ಚಲನಚಿತ್ರದ ಪ್ರತಿಯನ್ನು ಎರವಲು ಕೊಡುವುದನ್ನು ಹೊರಗಿಟ್ಟಿತು. 1965ರ ಗ್ರಂಥಾಲಯ ಕಾಯಿದೆಯಡಿ ಬೆಳೆದ ಜಾಲ ರಾಜ್ಯದಲ್ಲಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಕನ್ನಡದ ಹಳೆಯ ಚಿತ್ರಗಳನ್ನೂ, ಜಾತ್ರೆಯ ಅಂಗಡಿಸಾಲಿನಲ್ಲಿ ಮಾರಾಟವಾಗಿ ಈಗ ಚದುರಿಹೋಗಿರುವ ಭಜನೆ, ತತ್ವಪದ, ದೊಡ್ಡಾಟಗಳ ಡಿಸ್ಕುಗಳನ್ನೂ ಸುರಪುರ–ಶಹಾಪುರ ಭಾಗದ ಗ್ರಂಥಾಲಯಗಳು ಕೂಡಿಸಿ, ಯಾವ ಕೃತಿಯ ಎಷ್ಟು ಪ್ರತಿ ಯಾರ ಬಳಿ ಇದೆ, ಸರದಿಯಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ಎರವಲು ಪುಸ್ತಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಟ್ಟರೆ, ಓದುಗನನ್ನು ಕಾಯಿಸಿ ಗಳಿಸುವವರು ಅಲ್ಲಿ ಯಾರೂ ಇರುವುದಿಲ್ಲ.