‘ಛಲ’ ಶಬ್ದದ ಅರ್ಥವಿಚಾರ

ಹೊಸದುರ್ಗ ಸೀಮೆಯ ಆಡುಮಾತಿನಲ್ಲಿ ‘ಛಲಗಾರ’ ಎಂಬುದು ಬಹುಮಟ್ಟಿಗೆ ಹೊಗಳಿಕೆಯ ಮಾತು. ‘ಕಲ್ಲೆದೆಯವನು’ ಎಂಬುದು ತೆಗಳಿಕೆಯ ಮಾತು. ಜನರ ನಾಲಗೆ ಬೇರೆಬೇರೆಯಾಗಿ ಇರಿಸಿರುವ ಈ ಎರಡನ್ನು ಕಾವ್ಯಾರ್ಥ ಹೇಳುವಾಗ ನಾವು ಒಂದುಗೂಡಿಸಿಬಿಡುವುದುಂಟು. ದುರ್ಯೋಧನನ ಛಲವೆಂದರೆ ಹೃದಯಕಾಠಿನ್ಯವೆಂದೇ ಅರ್ಥೈಸುವುದು ಎಷ್ಟರಮಟ್ಟಿಗೆ ಯುಕ್ತ ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಶಬ್ದಮೂಲ. ಸಂಸ್ಕೃತದಲ್ಲಿ ‘ಛಲ’ವೆಂದರೆ ಕಪಟ, ವ್ಯಾಜ. ನ್ಯಾಯದರ್ಶನದ ಹದಿನಾರು ಪದಾರ್ಥಗಳಲ್ಲಿ ಅದೂ ಒಂದು. ವಾಕ್ಛಲ, ಸಾಮಾನ್ಯಛಲ, ಉಪಚಾರಛಲ ಎಂದು ಅದು ತ್ರಿವಿಧ. ಇಂತಹ ಛಲವು ವಾದದಲ್ಲಿ ಸಲ್ಲದೆಂದು ಅಕಲಂಕದೇವರು ನಿರಾಕರಿಸಿದರೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆದರೆ ಕನ್ನಡದ ಛಲದಲ್ಲಿ ಕಪಟದ ಸುಳಿವಿಲ್ಲ. ಹಿಡಿದುದನ್ನು ಬಿಡದಿರುವುದೇ ಅದರ ಅರ್ಥ. ತಮಿಳಿನ ‘ಚಲಂ’, ತೆಲುಗಿನ ‘ಚಲಮು’ ಶಬ್ದಗಳಿಗೂ ಹಠ, ವೈರ ಎಂಬ ಅರ್ಥಗಳಿರುವುದರಿಂದ ಈ ಅರ್ಥಾಂತರವು ಕನ್ನಡವೊಂದರದೇ ಅಲ್ಲ. ಎದುರಾಳಿಯ ಮೇಲಿನ ತಂತ್ರ, ಅದರಿಂದ ಎದುರಾಳಿತನ, ಅದರಿಂದ ಸೋಲೊಪ್ಪದ ನಿಲುವು ಎಂಬ ಕ್ರಮದಲ್ಲಿ ಅರ್ಥವು ಬೆಳೆದಿರಬಹುದೆಂದು ನಮ್ಮ ಊಹೆ.

ಹಸ್ತಪ್ರತಿಗಳನ್ನು ಓದುವವರಿಗೆ ಇಲ್ಲೊಂದು ತೊಡಕುಂಟು. ತದ್ಭವದಲ್ಲಿ ಮಹಾಪ್ರಾಣವು ಅಲ್ಪಪ್ರಾಣವಾಗುವುದನ್ನು ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ನಿರೂಪಿಸಿದ್ದಾನೆ. ಆ ಕ್ರಮದಲ್ಲಿ ‘ಛಲ’ವು ‘ಚಲ’ವಾದಾಗ, ಚಂಚಲವೆಂಬರ್ಥದ ಸಂಸ್ಕೃತದ ‘ಚಲ’ಕ್ಕೂ ಇದಕ್ಕೂ ರೂಪದಲ್ಲಿ ಭೇದವೇ ಉಳಿಯುವುದಿಲ್ಲ. ಒಂದು ಅಲುಗುವುದು, ಇನ್ನೊಂದು ಅಲುಗದಿರುವುದು! ಪ್ರಕರಣವೇ ಇಲ್ಲಿ ಗತಿ. ಓಲೆಯಲ್ಲಿ ‘ಚಲ’ವೆಂದಿದ್ದರೆ ಅದನ್ನು ಲಿಪಿಕಾರನ ಪ್ರಮಾದವೆಂದು ತಿದ್ದದೆ ಹಾಗೆಯೇ ಉಳಿಸಿಕೊಳ್ಳುವುದು ಲೇಸು.

ಈ ಶಬ್ದದ ಗೌರವಕ್ಕೆ ಶ್ರವಣಬೆಳಗೊಳವೇ ಸಾಕ್ಷಿ. ಕ್ರಿ.ಶ. 982ರಲ್ಲಿ ಅಲ್ಲಿ ಸಲ್ಲೇಖನದಿಂದ ಮುಡಿಪಿದ ರಾಷ್ಟ್ರಕೂಟ ನಾಲ್ಕನೆಯ ಇಂದ್ರನ ಶಾಸನದಲ್ಲಿ ‘ಚಲದಂಕಕಾರ’, ‘ಚಲದಗ್ಗಳಿ’ ಎಂಬ ಬಿರುದುಗಳಿವೆ. ವ್ರತದಿಂದ ದೇಹವಿಟ್ಟವನ ಸ್ಮಾರಕದಲ್ಲಿ ಹೃದಯಕಾಠಿನ್ಯವನ್ನು ಕೊಂಡಾಡಿದರೆಂದು ಯಾರೂ ಹೇಳಲಾರರು.

ಅದೇ ಕಾಲದವನು ರನ್ನ. ವಿಕ್ರಮಾರ್ಜುನವಿಜಯದ ಕೊನೆಯಲ್ಲಿ ಭಾರತವೀರರಿಗೆ ಒಂದೊಂದು ಗುಣವನ್ನು ಹಂಚಿಕೊಡುವಾಗ ಪಂಪನು ದುರ್ಯೋಧನನಿಗೆ ಕೊಟ್ಟುದು ಛಲವನ್ನೇ. ಗದಾಯುದ್ಧದಲ್ಲಿ ರನ್ನನು ಅದನ್ನು ವಿಸ್ತರಿಸಿದನು. ಇಲ್ಲಿ ದುರ್ಯೋಧನನು ತಂದೆತಾಯಿಗಳ ಮಾತನ್ನೂ ಭೀಷ್ಮನ ಹಿತೋಕ್ತಿಯನ್ನೂ ಮೀರಿ ಸಂಧಿಯನ್ನು ಒಲ್ಲೆನೆನ್ನುತ್ತಾನೆ. ಆದರೆ ಅದೇ ದುರ್ಯೋಧನನು ರಣರಂಗದಲ್ಲಿ ದುಶ್ಶಾಸನನಿಗಾಗಿ, ಕರ್ಣನಿಗಾಗಿ ಮರುಗುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಕಳೇಬರದೆದುರು ಅವನ ಶೌರ್ಯಕ್ಕೆ ತಲೆಬಾಗುತ್ತಾನೆ. ಎದೆ ಕಲ್ಲಾದವನು ಹೀಗೆ ಮಾಡಲಾರನು. ಛಲವನ್ನು ಕಲ್ಲೆದೆಯೆಂದು ಅರ್ಥಮಾಡಿದರೆ ಈ ಪ್ರಸಂಗಗಳೆಲ್ಲವೂ ಕಾವ್ಯದಲ್ಲಿ ನಿರರ್ಥಕವಾಗುತ್ತವೆ.

ಹಾಗಾದರೆ ಛಲವು ನಿರ್ದೋಷವೇ? ಅಲ್ಲ. ರನ್ನನಂತೆ ಚಾವುಂಡರಾಯನ ಪರಿಸರಕ್ಕೆ ಸೇರಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಮಾನಕಷಾಯಕ್ಕೆ ಶಿಲೆ, ಅಸ್ಥಿ, ಕಾಷ್ಠ, ವೇತ್ರ ಎಂಬ ನಾಲ್ಕು ಉಪಮಾನಗಳನ್ನು ಹೇಳಿದ್ದಾರೆ. ಬೆತ್ತವು ಬಾಗುತ್ತದೆ, ಮರವು ಕಷ್ಟದಿಂದ ಮಣಿಯುತ್ತದೆ, ಎಲುಬು ಇನ್ನೂ ಕಷ್ಟದಿಂದ, ಶಿಲೆಯು ಮಣಿಯುವುದೇ ಇಲ್ಲ. ಶಿಲೆಯಂತಹ ಮಾನವು ನರಕಗತಿಗೆ ಕಾರಣ. ವಂದನೆಯ ಮೂವತ್ತೆರಡು ದೋಷಗಳಲ್ಲಿ ‘ಸ್ತಬ್ಧ’ವೆಂಬುದೂ ಈ ಬಾಗದಿರುವಿಕೆಯೇ. ದುರ್ಯೋಧನನ ದೋಷವಿರುವುದು ಇಲ್ಲಿ, ಮಾನದಲ್ಲಿ. ಕಲ್ಲೆದೆಯಾದರೋ ಅನುಕಂಪೆಯ ಅಭಾವ. ಪ್ರಶಮ, ಸಂವೇಗ, ಅನುಕಂಪಾ, ಆಸ್ತಿಕ್ಯಗಳೆಂಬ ಸಮ್ಯಕ್ತ್ವಲಕ್ಷಣಗಳಲ್ಲಿ ಒಂದರ ಲೋಪ. ಮೊದಲನೆಯದಕ್ಕೆ ಮದ್ದು ಉತ್ತಮ ಮಾರ್ದವ, ಎರಡನೆಯದಕ್ಕೆ ಜೀವದಯೆ. ರೋಗಗಳೆರಡು, ಒಂದೇ ಹೆಸರಿನಿಂದ ಕರೆದರೆ ಚಿಕಿತ್ಸೆ ತಪ್ಪುತ್ತದೆ.

ಹಾಗೆಂದು ಎರಡಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. ಬಾಗದ ಮಾನವು ಬಹುಕಾಲ ನಿಂತರೆ ಅನುಕಂಪೆಯೂ ಬತ್ತೀತು. ರನ್ನನ ದುರ್ಯೋಧನನಲ್ಲಿ ಅದಿನ್ನೂ ಬತ್ತಿಲ್ಲ. ಆದುದರಿಂದಲೇ ಅವನ ಪತನವು ನಮಗೆ ದುಃಖವನ್ನು ತರುತ್ತದೆ.

ಚಿತ್ರಕಲ್ಲುದುರ್ಗವೆನಿಸಿದ್ದ ಈ ನಾಡಿನಲ್ಲಿ ಕಲ್ಲು ಕೋಟೆಯಾಗಿ ಕಾದಿದೆ, ಹೆಗ್ಗೆರೆಯಲ್ಲಿ ಪಾರ್ಶ್ವನಾಥ ಬಸದಿಯಾಗಿ ನಿಂತಿದೆ. ಕಲ್ಲಿನ ದೃಢತೆ ದೋಷವಲ್ಲ. ಅದು ಎದೆಯಲ್ಲಿ ನೆಲಸಿದಾಗ ದೋಷ. ಆದುದರಿಂದ ಅರ್ಥಕೋಶಗಳಲ್ಲಿಯೂ ಟಿಪ್ಪಣಿಗಳಲ್ಲಿಯೂ ಈ ಕಾವ್ಯಗಳ ‘ಛಲ’ಕ್ಕೆ ‘ಬಿಡದ ನಿಲುವು’ ಎಂದೇ ಅರ್ಥಕೊಟ್ಟು, ಅದು ಗುಣವೋ ದೋಷವೋ ಎಂಬ ನಿರ್ಣಯವನ್ನು ಪ್ರಕರಣಕ್ಕೆ ಬಿಡುವುದು ಉಚಿತವೆಂದು ತೋರುತ್ತದೆ. ವಿದ್ವಜ್ಜನರು ಪರಾಮರ್ಶಿಸಬೇಕಾಗಿ ವಿನಂತಿ.