ಕೋಟು ಹಿಡಿದು ನಿಂತವರು

ಮಗಳ ಎರಡನೆಯ ಬಾಣಂತನಕ್ಕೆಂದು 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಎಂಬ ಊರಿನಲ್ಲಿ ಐದು ತಿಂಗಳು ಇದ್ದೆ. ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಬೆಳಿಗ್ಗೆ ಮಗುವಿಗೆ ಎಣ್ಣೆ ನೀರು, ಬಾಣಂತಿಗೆ ಮೆಣಸಿನ ಸಾರು. ಅದು ಮುಗಿದರೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಖಾಲಿ ರಸ್ತೆಯನ್ನು ನೋಡುವುದೇ ನನ್ನ ಉದ್ಯೋಗ. ಒಂದು ಶನಿವಾರ ಪಕ್ಕದ ಮನೆಯಾಕೆ ತನ್ನ ಗ್ಯಾರೇಜಿನ ಹಳೆಯ ಸಾಮಾನುಗಳನ್ನೆಲ್ಲ ಅಂಗಳಕ್ಕೆ ತಂದು ಮಾರಾಟಕ್ಕಿಟ್ಟಳು. ಅಲ್ಲಿ ಅದು ವಾಡಿಕೆ. ಕುರ್ಚಿ ಹೋಯಿತು, ದೀಪ ಹೋಯಿತು. ಸಂಜೆಗೆ ಉಳಿದದ್ದು ಒಂದು ಶೂ ಪೆಟ್ಟಿಗೆ. ಅದರ ತುಂಬ ಕ್ಯಾಸೆಟ್ಟು, ಸಿ.ಡಿ., ಮತ್ತೆ ಜೆರಾಕ್ಸ್ ಮಾಡಿದ ಕಾರ್ಯಕ್ರಮದ ಚೀಟಿಗಳು. ಆಕೆ ಅದನ್ನು ಕಸದ ಡಬ್ಬಿಗೆ ಹಾಕಲು ಹೊರಟಾಗ ನನಗೆ ತಡೆಯಲಾಗಲಿಲ್ಲ. ಹಾಲಿನ ಕವರನ್ನೂ ತೊಳೆದಿಡುವ ಜಾತಿ ನಮ್ಮದು. ಬೇಡಿದೆ. ನಕ್ಕು ಕೊಟ್ಟಳು. "ನಿಮಗಿದು ಹಿಡಿಸಲಿಕ್ಕಿಲ್ಲ" ಎಂದಳು.

ಹಿಡಿಸಲಿಲ್ಲ. ಮೊದಲ ಸಲ ಹಾಕಿದಾಗ ಮಗಳು ಒಳಗಿನಿಂದ, "ಅಮ್ಮಾ, ಇದೇನು ಕಿರುಚಾಟ, ಮಗು ಎದ್ದೀತು" ಎಂದು ಗದರಿದಳು. ನನಗೂ ಹಾಡು ಯಾವುದು, ಜಗಳ ಯಾವುದು ತಿಳಿಯಲಿಲ್ಲ. ಆದರೆ ಪಡೆದುಕೊಂಡ ಮೇಲೆ ಕೇಳಬೇಕಲ್ಲ! ಮಧ್ಯಾಹ್ನ ಇಬ್ಬರೂ ಮಲಗಿದಾಗ ಅಳಿಯಂದಿರ ಹೆಡ್‌ಫೋನು ಹಾಕಿಕೊಂಡು ಕೇಳತೊಡಗಿದೆ. ಅಲ್ಲಿಂದ ಇಲ್ಲಿಯವರೆಗೆ ಕೇಳುತ್ತ, ಸಿಕ್ಕಿದ್ದನ್ನು ಓದುತ್ತ ಬಂದಿದ್ದೇನೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿಯೇ ಈ ಬರಹ.

ಈ ಸಂಗೀತಕ್ಕೆ ಮೆಟಲ್‌ಕೋರ್ ಎನ್ನುತ್ತಾರೆ. ಅಮೆರಿಕದಲ್ಲಿ 1980ರ ಸುಮಾರಿಗೆ ಹಾರ್ಡ್‌ಕೋರ್ ಎಂಬ ಸಿಟ್ಟಿನ, ಅವಸರದ, ಒಂದು ಒಂದೂವರೆ ನಿಮಿಷಕ್ಕೆ ಮುಗಿಯುವ ಹಾಡುಗಳ ಕಾಲ ಬಂತು. ಬಾಸ್ಟನ್ನಿನ ಆ ಕಾಲದ ತಂಡಗಳನ್ನು ಒಟ್ಟುಗೂಡಿಸಿದ ಧ್ವನಿಮುದ್ರಿಕೆಯೊಂದು 1982ರಲ್ಲೇ ಹೊರಬಿತ್ತು. ಅದಕ್ಕೆ ಹೆವಿ ಮೆಟಲ್ಲಿನ ದಪ್ಪ ಗಿಟಾರು ಬಂದು ಸೇರಿದ್ದು ಆಮೇಲೆ. 90ರ ದಶಕದ ಹುಡುಗರು ಎರಡನ್ನೂ ಬೆರೆಸಿದರು. ಇದರ ಮುಖ್ಯ ಲಕ್ಷಣವನ್ನು ಅವರು ಬ್ರೇಕ್‌ಡೌನ್ ಎನ್ನುತ್ತಾರೆ. ಓಡುತ್ತಿದ್ದ ಲಯ ಇದ್ದಕ್ಕಿದ್ದಂತೆ ಅರ್ಧಕ್ಕಿಳಿಯುತ್ತದೆ. ಗಿಟಾರೂ ಡ್ರಮ್ಮೂ ಸೇರಿ, ಇಬ್ಬರು ಒಂದೇ ಒರಳಿಗೆ ಒನಕೆ ಹಾಕಿದ ಹಾಗೆ, ಒಂದೇ ಪೆಟ್ಟಾಗಿ ಬೀಳುತ್ತವೆ. ಮುಂದೆ ನಿಂತ ಹುಡುಗರು ಕೈಕಾಲು ಬೀಸಿ ಕುಣಿಯುವುದು ಆಗಲೇ. ಕುಡಿಯುವ ವಯಸ್ಸು ಅಲ್ಲಿ ಇಪ್ಪತ್ತೊಂದು. ಹಾಗಾಗಿ ಬಾರುಗಳಿಗೆ ಪ್ರವೇಶವಿಲ್ಲದ ಈ ಮಕ್ಕಳು ಮಾಜಿ ಸೈನಿಕರ ಸಂಘದ ಹಾಲನ್ನೋ, ಚರ್ಚಿನ ನೆಲಮಾಳಿಗೆಯನ್ನೋ ಬಾಡಿಗೆಗೆ ಹಿಡಿಯುತ್ತಿದ್ದರು. ಹೆಂಡ, ಸಿಗರೇಟು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವರೂ ಅವರಲ್ಲಿ ಬಹಳ ಮಂದಿ ಇದ್ದರು. ಕಿರುಚುವವರೆಲ್ಲ ಕೆಟ್ಟವರಲ್ಲ ಎಂಬುದು ನಾನು ಕಲಿತ ಮೊದಲ ಪಾಠ.

ಪೆಟ್ಟಿಗೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಓವರ್‌ಕಾಸ್ಟ್ ಎಂಬ ತಂಡ. ಮೋಡ ಕವಿದ ಆಕಾಶ ಎಂದು ಅರ್ಥ. ಬಾಸ್ಟನ್ ಕಡೆಯ ಈ ಹುಡುಗರು 90ರ ದಶಕದ ಆರಂಭದಲ್ಲಿ ಸೇರಿ, 1994ರಲ್ಲಿ ಒಂದು, 1997ರಲ್ಲಿ ಇನ್ನೊಂದು ಆಲ್ಬಂ ತಂದು, 1998ರಲ್ಲಿ ಬಾಗಿಲು ಹಾಕಿದರು. ಬ್ರಯನ್ ಫೇರ್ ಹಾಡುಗಾರ. ಬಾಸ್ ಗಿಟಾರು ಮೈಕ್ ಡಿ'ಆಂಟೋನಿಯೊ. ಇದೇ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ ಆಫ್ಟರ್‌ಶಾಕ್ ಎಂಬ ಮತ್ತೊಂದು ತಂಡವಿತ್ತು. ಆಡಂ ಡಟ್ಕೆವಿಚ್, ಜೋಯಲ್ ಸ್ಟ್ರೋಟ್ಸೆಲ್ ಅದರಲ್ಲಿದ್ದರು. ಅದೂ ದಶಕ ಮುಗಿಯುವ ಹೊತ್ತಿಗೆ ಮುಗಿಯಿತು. 1999ರಲ್ಲಿ ಎರಡೂ ತಂಡಗಳ ಅವಶೇಷದಿಂದ ಕಿಲ್‌ಸ್ವಿಚ್ ಎಂಗೇಜ್ ಹುಟ್ಟಿತು. 2004ರ ಅವರ ಆಲ್ಬಮ್ಮಿನ ಶೀರ್ಷಿಕೆ ಗೀತೆ ಗ್ರ್ಯಾಮಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಹೋಯಿತು. ಬ್ರಯನ್ ಫೇರ್ ಶ್ಯಾಡೋಸ್ ಫಾಲ್ ಎಂಬ ತಂಡ ಸೇರಿದ. ಅದೇ 2004ರಲ್ಲಿ ಅವರ ಆಲ್ಬಂ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನಕ್ಕೆ ಬಂತು. ಹಾಲುಗಳ ಸಂಗೀತ ಹೀಗೆ ಅಂಗಡಿಗೆ ಬಂತು.

ಈ ಚರಿತ್ರೆಯನ್ನು ಬರೆಯುವವರೆಲ್ಲ ಬರೆಯುವುದು ಹೀಗೇ. ನಾನೂ ಮೇಲೆ ಹೀಗೇ ಬರೆದೆ, ನೋಡಿ! ಇಂಥವರು ಹುಟ್ಟಿದರು, ಸತ್ತರು, ಅವರಿಂದ ಇಂಥವರು ಹುಟ್ಟಿದರು. ಇದು ವಂಶಾವಳಿ. ವಂಶಾವಳಿಯಲ್ಲಿ ಒಬ್ಬನಿಗೆ ಜಾಗ ಸಿಗಬೇಕಾದರೆ ಅವನ ಮಗ ದೊಡ್ಡವನಾಗಿರಬೇಕು. ಓವರ್‌ಕಾಸ್ಟ್ ಹೆಸರು ಬಂದಲ್ಲೆಲ್ಲ ಅದರ ಬೆನ್ನಿಗೆ ಕಿಲ್‌ಸ್ವಿಚ್ ಎಂಗೇಜ್ ಹೆಸರು ಅಂಟಿಕೊಂಡೇ ಇರುತ್ತದೆ. ಮುಂದೆ ಯಾರೂ ಪ್ರಸಿದ್ಧರಾಗದ ತಂಡಗಳಿಗಂತೂ ಒಂದು ಸಾಲೂ ಇಲ್ಲ. ಸ್ಟೀವನ್ ಬ್ಲಷ್ 2001ರಲ್ಲಿ ಬರೆದ 'ಅಮೆರಿಕನ್ ಹಾರ್ಡ್‌ಕೋರ್' ದೊಡ್ಡ ಪುಸ್ತಕ, ಶ್ರಮದ ಪುಸ್ತಕ. ಆದರೆ 1986ಕ್ಕೆ ಎಲ್ಲ ಮುಗಿಯಿತೆಂದು ಅದು ಗೆರೆ ಎಳೆಯುತ್ತದೆ. ಆಮೇಲೆ ಹಾಲುಗಳಲ್ಲಿ ಬೆವರು ಸುರಿಸಿದವರು ಇತಿಹಾಸ ಮುಗಿದ ಮೇಲೆ ಬಂದ ನೆಂಟರೇ?

ನನ್ನ ತಕರಾರು ಬರೀ ಅನುಕಂಪದ್ದಲ್ಲ, ಕಿವಿಯದ್ದು ಕೂಡ. ವಂಶಾವಳಿ ಹಿಡಿದು ಕೇಳಿದರೆ ಸಂಗೀತವೇ ತಪ್ಪಾಗಿ ಕೇಳುತ್ತದೆ. ಕಿಲ್‌ಸ್ವಿಚ್ ಎಂಗೇಜ್ ತಂಡದ 2002ರ ಆಲ್ಬಂ ಕೇಳಿ. ಚರಣದಲ್ಲಿ ಕಿರುಚು, ಪಲ್ಲವಿಯಲ್ಲಿ ಇಂಪಾದ ರಾಗ. ಸೊಗಸಾಗಿದೆ. ಆದರೆ ಎಷ್ಟೋ ತಂಡಗಳು ಅದನ್ನೇ ಹಿಡಿದು, ಕೊನೆಗೆ ಅದೊಂದು ಅಚ್ಚಾಯಿತು, ಕಡುಬಿನ ಅಚ್ಚಿನ ಹಾಗೆ. ಓವರ್‌ಕಾಸ್ಟಿನ 1997ರ ಆಲ್ಬಮ್ಮಿನಲ್ಲಿಯೂ ಫೇರ್ ಕಿರುಚುತ್ತಾನೆ, ನಡುವೆ ಹಾಡುತ್ತಾನೆ. ಆದರೆ ಯಾವಾಗ ಹಾಡಿಯಾನು ಎಂದು ಮೊದಲೇ ಹೇಳಲಾಗುವುದಿಲ್ಲ. ಲಯ ಎಲ್ಲಿ ಮುರಿಯುತ್ತದೆ ಎಂದು ತಿಳಿಯುವುದಿಲ್ಲ. ಅಡುಗೆಮನೆಯಲ್ಲಿ ಕತ್ತಲಾದಾಗ ಗೋಡೆ ಸವರಿ ಬೆಂಕಿಪೊಟ್ಟಣ ಹುಡುಕುತ್ತೇವಲ್ಲ, ಆ ತಡಕಾಟ ಅಲ್ಲಿ ಕೇಳಿಸುತ್ತದೆ. 'ಮುಂದೆ ಬರಲಿರುವುದರ ಮೊದಲ ಕರಡು' ಎಂದು ಅದನ್ನು ಕೇಳಿದವನಿಗೆ ತಡಕಾಟ ಬರೀ ದೋಷವಾಗಿ ಕಾಣುತ್ತದೆ. ನನಗೆ ಅದೇ ಅದರ ಜೀವ.

ಇದಕ್ಕೆ ಒಳ್ಳೆಯ ಪರೀಕ್ಷೆಯೂ ಇದೆ. 2008ರಲ್ಲಿ ಓವರ್‌ಕಾಸ್ಟಿನವರು ಮತ್ತೆ ಕೂಡಿ ತಮ್ಮ ಹಳೆಯ ಹಾಡುಗಳನ್ನು ಹೊಸದಾಗಿ ಧ್ವನಿಮುದ್ರಿಸಿದರು. ಈಗ ಅವರು ನುರಿತವರು, ಸ್ಟುಡಿಯೋ ಒಳ್ಳೆಯದು. ಪ್ರತಿ ತಂತಿಯೂ ಬೇರೆ ಬೇರೆಯಾಗಿ ಕೇಳುತ್ತದೆ. ಹಳೆಯದರಲ್ಲಿ ಡ್ರಮ್ಮು ಡಬ್ಬದ ಹಾಗೆ, ಗಿಟಾರು ಕೆಸರಿನ ಹಾಗೆ. ಮೊದಲ ಸಲ ಹೊಸದೇ ಮೇಲೆನಿಸಿತು. ನಾಲ್ಕಾರು ಸಲ ಕೇಳಿದ ಮೇಲೆ ಮನಸ್ಸು ಹಳೆಯದಕ್ಕೇ ಮರಳಿತು. ಹೊಸದರಲ್ಲಿ ಎಲ್ಲರಿಗೂ ಮುಂದಿನ ಹೆಜ್ಜೆ ಗೊತ್ತಿದೆ. ಹಳೆಯದರಲ್ಲಿ ಗೊತ್ತಿಲ್ಲದ ಹುಡುಗರು ಜೀವ ಬಿಟ್ಟು ನುಡಿಸುತ್ತಾರೆ.

ಹಾಗೆಂದು ಅಲ್ಪಾಯುವಾದದ್ದೆಲ್ಲ ಅಪೂರ್ವ ಎಂದು ನಾನು ಹೇಳುವುದಿಲ್ಲ. ಆ ಪೆಟ್ಟಿಗೆಯ ಅರ್ಧದಷ್ಟು ತಂಡಗಳು ಒಂದರ ಹಾಗೆ ಒಂದು. ಸಿಟ್ಟು ಎಲ್ಲರಿಗೂ ಇದೆ, ಹೇಳುವುದು ಕೆಲವರಿಗಷ್ಟೇ ಇದೆ. ದೀರ್ಘಾಯುಷಿಗಳೆಲ್ಲ ಅಚ್ಚಿಗೆ ಬಿದ್ದರೆಂದೂ ಅಲ್ಲ. 1990ರಲ್ಲಿ ಆರಂಭವಾದ ಸೇಲಮ್ಮಿನ ಕನ್ವರ್ಜ್ ತಂಡ 2001ರಲ್ಲಿ, ಅಂದರೆ ಹನ್ನೊಂದನೆಯ ವರ್ಷದಲ್ಲಿ, ತನ್ನ ಅತ್ಯುತ್ತಮ ಆಲ್ಬಂ ಕೊಟ್ಟಿತು. ಆಯಸ್ಸು ಗುಣವೂ ಅಲ್ಲ, ದೋಷವೂ ಅಲ್ಲ. ಮಾಡಿದ ಕೆಲಸ ಏನು ಎಂದು ಕೇಳಬೇಕು, ಅಷ್ಟೇ.

ಆ ಕನ್ವರ್ಜ್ ಆಲ್ಬಮ್ಮಿನ ಹೆಸರು 'ಜೇನ್ ಡೋ'. ಗುರುತು ಸಿಗದ ಹೆಂಗಸಿಗೆ ಅಮೆರಿಕದ ಕೋರ್ಟು, ಪೊಲೀಸು, ಆಸ್ಪತ್ರೆಗಳಲ್ಲಿ ಬರೆದುಕೊಳ್ಳುವ ಹೆಸರು ಅದು. ಹೊದಿಕೆಯ ಮೇಲೆ ಒಂದು ಹೆಣ್ಣಿನ ಮುಖವಿದೆ. ಅದನ್ನು ನೋಡಿದಾಗ ನನಗೆ ಪಕ್ಕದ ಮನೆಯಾಕೆಯ ನೆನಪಾಗುತ್ತದೆ.

ಪೆಟ್ಟಿಗೆ ಕೊಟ್ಟ ಕೆಲವು ದಿನಗಳ ಮೇಲೆ ಒಂದು ಸಂಜೆ ಆಕೆ ಮಗುವನ್ನು ನೋಡಲು ಬಂದಳು. ನನ್ನ ಹರಕು ಇಂಗ್ಲಿಷಿನಲ್ಲಿ ವಿಚಾರಿಸಿದೆ. ಅವಳ ಅಣ್ಣ ಒಂದು ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದನಂತೆ. ಮೂರು ವರ್ಷ ನಡೆದು ನಿಂತಿತಂತೆ. ಇವಳು ಒಂದು ಕಾರ್ಯಕ್ರಮವನ್ನೂ ಬಿಟ್ಟವಳಲ್ಲ. "ನೀನೇನು ಮಾಡುತ್ತಿದ್ದೆ?" ಎಂದೆ. "ಕೋಟು ಹಿಡಿದುಕೊಂಡು ನಿಲ್ಲುತ್ತಿದ್ದೆ" ಎಂದಳು.

ತಮಾಷೆಯೆಂದುಕೊಂಡೆ. ತಮಾಷೆಯಲ್ಲ. ಆ ಚಳಿಯ ನಾಡಿನಲ್ಲಿ ದಪ್ಪ ಕೋಟಿಲ್ಲದೆ ಯಾರೂ ಹೊರಗೆ ಬರುವುದಿಲ್ಲ. ಹಾಲಿನಲ್ಲಿ ಕೋಟು ತೂಗುಹಾಕಲು ಜಾಗವಿರುವುದಿಲ್ಲ. ಹುಡುಗರು ಕುಣಿಯಲು ಹೋಗುವಾಗ ಜೊತೆಗೆ ಬಂದ ಹುಡುಗಿಯರ ಕೈಗೆ ಕೊಟ್ಟು ಹೋಗುತ್ತಾರೆ. ಆ ಕಾಲದ ಹೆಂಗಸರು ಬರೆದುಕೊಂಡ ನೆನಪುಗಳಲ್ಲೆಲ್ಲ ಈ ದೂರು ಮತ್ತೆ ಮತ್ತೆ ಬರುತ್ತದೆ. ನಮ್ಮನ್ನು ಕೋಟಿನ ಗೂಟ ಮಾಡಿದ್ದರು ಎನ್ನುತ್ತಾರೆ. ಅನ್ಯಾಯದ ವಿರುದ್ಧ ಹಾಡುವವರ ಹಾಲಿನಲ್ಲಿಯೇ ಹುಡುಗಿಯರು ಗೋಡೆಗೆ ಒತ್ತಿ ನಿಂತಿದ್ದರು! ಪಕ್ಕದ ಮನೆಯಾಕೆ ಕೋಟು ಹಿಡಿದದ್ದಷ್ಟೇ ಅಲ್ಲ. ಚೀಟಿಗಳನ್ನು ಕತ್ತರಿಸಿ ಅಂಟಿಸಿ ಜೆರಾಕ್ಸ್ ಮಾಡಿಸಿದವಳು ಅವಳೇ. ಬಾಗಿಲಲ್ಲಿ ಐದೈದು ಡಾಲರು ಎಣಿಸಿಕೊಂಡವಳೂ ಅವಳೇ. ಕೊನೆಗೆ ಆ ಕ್ಯಾಸೆಟ್ಟುಗಳನ್ನು ಹದಿನೈದು ಇಪ್ಪತ್ತು ವರ್ಷ ಕಾಪಾಡಿದವಳೂ ಅವಳು. ಯಾವ ವಂಶಾವಳಿಯಲ್ಲಿ ಇದು ಬಂದೀತು? ನಮ್ಮ ಮನೆಗಳ ವಂಶವೃಕ್ಷ ತೆಗೆದು ನೋಡಿ. ಅಜ್ಜನ ಅಪ್ಪನ ಹೆಸರಿದೆ, ಅವನ ಅಪ್ಪನ ಹೆಸರಿದೆ. ಹೆತ್ತವಳ ಹೆಸರೆಲ್ಲಿ?

ಇಷ್ಟು ಹೊತ್ತೂ ಹೇಳದೆ ಇಟ್ಟುಕೊಂಡದ್ದನ್ನು ಈಗ ಹೇಳಿಬಿಡುತ್ತೇನೆ. 1978ರಿಂದ 1981ರವರೆಗೆ ನಮ್ಮೂರಿನಲ್ಲಿ ನಾವು ಐದು ಜನ ಹುಡುಗಿಯರು ಸೇರಿ ಭಾವಗೀತೆ ಹಾಡುವ ತಂಡ ಕಟ್ಟಿದ್ದೆವು. ನನ್ನದು ಹಾರ್ಮೋನಿಯಂ. ತಬಲ ನುಡಿಸುವವಳೂ ಹುಡುಗಿಯೇ ಎಂದು ಸುತ್ತಲಿನ ಊರುಗಳಿಂದ ಜನ ನೋಡಲು ಬರುತ್ತಿದ್ದರು. ಒಬ್ಬೊಬ್ಬಳಿಗೇ ಮದುವೆಯಾಗುತ್ತ ಬಂತು. ತಬಲದವಳು ಹೋದ ದಿನ ತಂಡ ಮುಗಿಯಿತು. ನಮ್ಮಲ್ಲೊಬ್ಬಳು ಮುಂದೆ ಭದ್ರಾವತಿ ಆಕಾಶವಾಣಿಯಲ್ಲಿ ಹಾಡಿ ಹೆಸರು ಮಾಡಿದಳು. ಅವಳಿಗೆ ಊರಿನಲ್ಲಿ ಸನ್ಮಾನವಾದಾಗ, ಹಿಂದೆ ಯಾವುದೋ ಹುಡುಗಿಯರ ಗುಂಪಿನಲ್ಲಿ ಹಾಡುತ್ತಿದ್ದರು ಎಂದು ನಿರೂಪಕರು ಒಂದು ಮಾತಿನಲ್ಲಿ ಮುಗಿಸಿದರು. ನಾನು ಮೊದಲ ಸಾಲಿನಲ್ಲಿದ್ದೆ. ವೇದಿಕೆಯಿಂದ ಇಳಿದು ಬಂದವಳು, "ಇದನ್ನು ಸ್ವಲ್ಪ ಹಿಡ್ಕೊಳ್ಳೇ" ಎಂದು ಶಾಲು, ಹಣ್ಣಿನ ಬುಟ್ಟಿ ನನ್ನ ಕೈಗಿತ್ತು ಜನರ ನಡುವೆ ಹೋದಳು. ಅವಳ ಮೇಲೆ ನನಗೆ ಕೋಪವಿಲ್ಲ. ಆದರೆ ಅವತ್ತು ಮನೆಗೆ ಬಂದು ಅತ್ತದ್ದು ನಿಜ. ಆ ಮೂರು ವರ್ಷ ಅವಳ ಮೆಟ್ಟಿಲಾಗಿರಲಿಲ್ಲ. ನನ್ನ ಪಾಲಿಗೆ ಅದು ಇಡೀ ಮನೆ.

ಈಚೆಗೆ ಒಂದು ಪುಸ್ತಕ ಸಿಕ್ಕಿತು. ಇದು ಮ್ಯಾಸಚೂಸೆಟ್ಸಿನದಲ್ಲ, ದೇಶದ ಆಚೆ ತುದಿಯ ಕ್ಯಾಲಿಫೋರ್ನಿಯಾದ್ದು. ಸ್ಪಿಟ್‌ಬಾಯ್ ಎಂಬ ಬರೀ ಹೆಂಗಸರ ಹಾರ್ಡ್‌ಕೋರ್ ತಂಡ 1990ರಿಂದ 1995ರವರೆಗೆ ಅಲ್ಲಿ ನಡೆದಿತ್ತು. ಅದರಲ್ಲಿ ಡ್ರಮ್ ಬಾರಿಸುತ್ತಿದ್ದ ಮಿಶೆಲ್ ಕ್ರೂಜ್ ಗೊನ್ಸಾಲೆಸ್ ತಂಡ ನಿಂತು ಎರಡು ದಶಕ ಕಳೆದ ಮೇಲೆ, 2016ರಲ್ಲಿ, 'ದ ಸ್ಪಿಟ್‌ಬಾಯ್ ರೂಲ್' ಎಂದು ಅದರ ಕಥೆ ಬರೆದಳು. ಮೆಕ್ಸಿಕೋ ಮೂಲದ ಹೆಣ್ಣು ಬಿಳಿಯರೇ ತುಂಬಿದ ಆ ಲೋಕದಲ್ಲಿ ಹೇಗಿದ್ದಳು ಎಂಬುದು ಅದರ ವಸ್ತು. ತಂಡದಿಂದ ಮುಂದೆ ಯಾರು ಏನಾದರು ಎಂದು ತೋರಿಸಿ ಅದಕ್ಕೆ ಬೆಲೆ ಕಟ್ಟಬೇಕಾದ ಅಗತ್ಯವೇ ಅವಳಿಗೆ ಬೀಳುವುದಿಲ್ಲ. ಐದು ವರ್ಷ ಐದು ವರ್ಷವಾಗಿಯೇ ನಿಲ್ಲುತ್ತದೆ. ಅಲ್ಪಾಯು ತಂಡಗಳ ಚರಿತ್ರೆಯನ್ನು ಹೀಗೆ ಬರೆಯಬೇಕು. ಒಳಗಿದ್ದವರು ಬರೆಯಬೇಕು, ಗೋಡೆಗೆ ಒತ್ತಿ ನಿಂತವರೂ ಬರೆಯಬೇಕು.

ಊರಿಗೆ ಹೊರಡುವ ಹಿಂದಿನ ದಿನ ಪೆಟ್ಟಿಗೆಯನ್ನು ಆಕೆಗೆ ಹಿಂತಿರುಗಿಸಲು ಹೋದೆ. ಅಣ್ಣನ ತಂಡದ ಕ್ಯಾಸೆಟ್ಟನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ನನಗೇ ಬಿಟ್ಟಳು. ಆ ಕ್ಯಾಸೆಟ್ಟಿನ ಮೇಲೆ ಹಾಡಿದವರ, ನುಡಿಸಿದವರ ಹೆಸರುಗಳಿದ್ದವು. ನನ್ನ ಕೈಚೀಲದಿಂದ ಪೆನ್ನು ತೆಗೆದುಕೊಟ್ಟು, ನಿನ್ನ ಹೆಸರನ್ನೂ ಬರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು.